ನಮ್ಮ ಅತ್ಯಾಳ ತುಟಿ, ಹಲ್ಲು, ನಾಲಿಗೆ

ನಮ್ಮ ಅತ್ಯಾಳ ನಾಲಿಗೆ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಯ್ಯೋ, ತಪ್ಪು ತಿಳಿಯಬೇಡಿ! ಆಕೆ ಚಾಡಿ ಹೇಳುವವಳಲ್ಲ, ಜಗಳಗಂಟಿಯೂ ಅಲ್ಲ. ನಾನು ಹೇಳುತ್ತಿರುವುದು ಬಾಯೊಳಗಿನ ನಿಜವಾದ ನಾಲಿಗೆಯ ಸಂಗತಿ. ನಿಮ್ಮ ನಾಲಿಗೆ, ನನ್ನ ನಾಲಿಗೆ ಊಟ, ಮಾತು ಮುಗಿದ ಮೇಲೆ ತೆಪ್ಪಗೆ ಮಲಗಿರುತ್ತದೆ ತಾನೆ? ಆಕೆಯದು ಹಾಗಲ್ಲ. ಒಮ್ಮೆ ಹಲ್ಲುಗಳ ನಡುವಿನಿಂದ ಇಣುಕುತ್ತದೆ, ಒಮ್ಮೆ ಅಂಗುಳಕ್ಕೆ ಅಂಟಿಕೊಂಡು ಕೂರುತ್ತದೆ. ಅದರ ಜೊತೆಗೆ ತುಟಿಗಳೂ ಕುಣಿಯುತ್ತವೆ. ದೂರದಿಂದ ನೋಡಿದವರಿಗೆ ಆಕೆ ಬಿಸಿ ಬಟಾಟೆ ಬಾಯಿಗೆ ಹಾಕಿಕೊಂಡಿದ್ದಾಳೆ ಅನ್ನಿಸಬೇಕು!

ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ. ಧಾರವಾಡದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು. ಬಹಳ ಕಾಲ ಕಾಂದಿವಲಿಯಲ್ಲಿ, ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ ಇದ್ದಳು. ಆಕೆಯ ಗಂಡ, ಅಂದರೆ ನಮ್ಮ ಮಾಮಾ, ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ, ಮೂರು ವರ್ಷದ ಹಿಂದೆ, ಇಬ್ಬರೂ ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಗೆ ಹೋದರು.

ಈ ನಲವತ್ತು ವರ್ಷ ಅತ್ಯಾಳಿಗೆ ಇಂಗ್ಲಿಷಿನ ಅಗತ್ಯವೇ ಬಿದ್ದಿರಲಿಲ್ಲ. ಭಾಜಿ ಮಾರುವವಳ ಜೊತೆ ಮರಾಠಿ, ರಿಕ್ಷಾದವನ ಜೊತೆ ಹಿಂದಿ, ದೇವರ ಜೊತೆ ಮತ್ತು ಮಾಮಾನ ಜೊತೆ ಕನ್ನಡ. ದೇವರ ಜೊತೆ ಸ್ವಲ್ಪ ಮೆತ್ತಗೆ. ಹೀಗೆ ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ, ಅರವತ್ತೆರಡನೆಯ ವಯಸ್ಸಿನಲ್ಲಿ ಆಕೆಗೆ ಇಂಗ್ಲಿಷಿನ ಹುಚ್ಚು ಹಿಡಿಯಿತು. ಬರೀ ಇಂಗ್ಲಿಷ್ ಕಲಿತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆಕೆ ಹಿಡಿದದ್ದು ಇಂಗ್ಲಿಷಿನ ವ್ಯಂಜನಗಳನ್ನು. ಎಂಥ ವ್ಯಂಜನ? ಒಂದನ್ನು ಹೇಳಹೋದರೆ ಇನ್ನೊಂದು ಬಾಯಿಂದ ಬೀಳುತ್ತದಲ್ಲ, ಅಂಥವು!

ಕಲಿಸುವವರು ಎರಡನೇ ಮಾಳಿಗೆಯ ನಿವೃತ್ತ ಟೀಚರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದವರು, ಒಂಟಿ ಹೆಂಗಸು, ಎಪ್ಪತ್ತು ದಾಟಿದ್ದರು. ಬಿಲ್ಡಿಂಗಿನವರೆಲ್ಲ ಅವರನ್ನು ‘ಮಿಸ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಸೊಕ್ಕಿನ ಮಿಸ್’ ಎನ್ನುತ್ತಿದ್ದರು. ಯಾರಾದರೂ ಮಾತಾಡಿಸಿದರೆ ತಿರುಗಿ ನೋಡುವುದಿಲ್ಲ, ಬೆಲ್ ಮಾಡಿದರೆ ಬಾಗಿಲು ತೆಗೆಯುವುದಿಲ್ಲ ಎಂಬ ದೂರು. ಒಮ್ಮೆ ಮೆಟ್ಟಿಲಲ್ಲಿ ಅವರ ಹಿಂದೆಯೇ ಇಳಿಯುತ್ತಾ ನಾನೂ ‘ಗುಡ್ ಮಾರ್ನಿಂಗ್’ ಎಂದಿದ್ದೆ. ಉತ್ತರವಿಲ್ಲ! ಅಂಧೇರಿಯ ಆಫೀಸಿನಲ್ಲಿ ದಿನವಿಡೀ ಪರದೇಶದವರ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡಿಯೇ ಹೊಟ್ಟೆ ಹೊರೆಯುವವಳು ನಾನು. ನನ್ನ ಗುಡ್ ಮಾರ್ನಿಂಗಿಗೆ ಬೆಲೆಯಿಲ್ಲವೆ? ಅಂಥವರ ಮನೆಗೆ ನಮ್ಮ ಅತ್ಯಾ ದಿನಾ ನಾಲ್ಕು ಗಂಟೆಗೆ ‘ಕ್ಲಾಸಿಗೆ’ ಹೋಗುತ್ತಿದ್ದಳು.

ಕ್ಲಾಸಿನ ಮೊದಲ ಬಲಿ ಮಾಮಾ. ಇಂಗ್ಲಿಷಿನ ಕೊನೆಯ ಅಕ್ಷರ ನಮ್ಮ ‘ಜ’ ಅಲ್ಲವಂತೆ. ಹಲ್ಲು ಕೂಡಿಸಿ, ತುಟಿ ಅಗಲಿಸಿ, ಗಂಟಲು ಗುಂಯ್‌ಗುಡುವಂತೆ ಊದಬೇಕಂತೆ. ಅತ್ಯಾ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅರ್ಧ ಗಂಟೆ ಊದಿದಳು. ಹೊರಗೆ ಪೇಪರ್ ಓದುತ್ತಿದ್ದ ಮಾಮಾ ಎದ್ದು ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ, ಕಾಲಮೇಲೆ ಚಾದರ ಎಳೆದುಕೊಂಡು ಕೂತರು. ಅತ್ಯಾ ಹೊರಗೆ ಬಂದು ಕೆಮ್ಮಿದಳು.

“ಹಗಲ ಹೊತ್ತಿನ್ಯಾಗ ಯಾಕ ಹೊಗಿ ಹಾಕೀರಿ?”

“ಸೊಳ್ಳಿ ಭಾಳ ಆಗ್ಯಾವ. ಬಚ್ಚಲಮನ್ಯಾಗ ಒಂದು ಐತಿ ನೋಡು, ಎಮ್ಮಿಯಷ್ಟ ದೊಡ್ಡದು.”

ಎರಡು ದಿನ ಮಾಮಾನಿಗೆ ಬರೀ ಕಡಲೆಹಿಟ್ಟಿನ ಜುಣಕ, ಒಣ ಭಾಕರಿ ಸಿಕ್ಕಿತು.

ಮುಂದಿನ ಬಲಿ ನಾನು. ಒಂದು ಮುಂಜಾನೆ ಅತ್ಯಾ ಫೋನ್ ಮಾಡಿದಳು.

“ನೀವು ಎಲ್ಲಿ ಇರತೀರಿ, ಹೇಳು ನೋಡೋಣು?”

“ಇದೇನ ಅತ್ಯಾ, ಕಾಂದಿವಲಿ ವೆಸ್ಟ್.”

ಆ ಕಡೆ ಗೆದ್ದವಳ ನಗು. “ತಪ್ಪು! ನೀ ಹೇಳಿದ್ದು ಏನು ಗೊತ್ತೈತೇನು? ಹಲ್ಲು ತುಟಿಗೆ ತಾಗಿಸಿ ವೆಸ್ಟ್ ಅಂದ್ರ ಬನಿಯನ್! ತುಟಿ ಗುಂಡಗ ಮಾಡಿ, ಸೀಟಿ ಹೊಡಿಯೋರಂಗ ಉವೆಸ್ಟ್ ಅಂದ್ರ ಪಶ್ಚಿಮ. ಇಷ್ಟು ವರ್ಷ ಬನಿಯನ್‌ದಾಗ ಇದ್ದೀರಲ್ಲ ನೀವೆಲ್ಲಾರೂ!”

ಬರೀ ನಾವೇ? ಅಂಧೇರಿ, ಬೋರಿವಲಿ, ಮಲಾಡ್ ಎಲ್ಲ ಊರಿನ ಅರ್ಧ ಜನ ಬನಿಯನ್ನಿನಲ್ಲೇ ಬದುಕುತ್ತಿದ್ದಾರೆ, ಅವರಿಗೆ ಅದು ಗೊತ್ತೂ ಇಲ್ಲ! ಅಂದಿನಿಂದ ಸ್ಟೇಷನ್ನಿನಲ್ಲಿ ‘ವೆಸ್ಟ್’ ಎಂಬ ಬೋರ್ಡು ನೋಡಿದಾಗಲೆಲ್ಲ ನನಗೆ ಹಗ್ಗದ ಮೇಲೆ ಒಣಗುವ ಬಟ್ಟೆ ನೆನಪಾಗುತ್ತದೆ.

ಇಷ್ಟೇ ಆಗಿದ್ದರೆ ಮನೆಯ ಮಟ್ಟಿಗೆ ಮುಗಿಯುತ್ತಿತ್ತು. ಆದರೆ ಅತ್ಯಾ ತನ್ನ ಅಭ್ಯಾಸವನ್ನು ಲೋಕಲ್ ರೈಲಿಗೂ ತಂದಳು. ‘ಪ’ ಮತ್ತು ‘ಬ’ಗಳ ವಾರ ಅದು. ಇಂಗ್ಲಿಷಿನ ‘ಪ’ಕ್ಕೆ ಬಾಯಿಂದ ಗಾಳಿ ಪುಸಕ್ಕನೆ ಹೊರಡಬೇಕಂತೆ, ತುಟಿಯ ಮುಂದೆ ಹಿಡಿದ ಕಾಗದದ ಚೂರು ಹಾರಬೇಕಂತೆ. ‘ಬ’ಕ್ಕೆ ಕಾಗದ ಅಲ್ಲಾಡಬಾರದು, ಗಂಟಲು ಅದುರಬೇಕು. ದಾದರಿನಿಂದ ನಮ್ಮ ಮನೆಗೆ ಬರುವಾಗ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಒಂದು ಕಡೆ ನೇತಾಡುತ್ತಿದ್ದೆ. ಅತ್ಯಾ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಹಳೆಯ ಟಿಕೀಟು ಹಿಡಿದು ‘ಪ್ಹ! ಪ್ಹ! ಪ್ಹ!’ ಎನ್ನುತ್ತಿದ್ದಳು. ಆಮೇಲೆ ಗಂಟಲಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, ‘ಬ್… ಬ್… ಬ್…’

ಎದುರು ಕೂತ ಹೆಂಗಸು ಗಾಬರಿಯಾಗಿ ಎದ್ದೇಬಿಟ್ಟಳು. “ಬಸಾ, ಮಾವಶಿ, ಬಸಾ! ದಮ್ ಲಾಗಲಾ ಕಾ?” ಕೂತುಕೊಳ್ಳಿ, ಉಬ್ಬಸ ಬಂದಿದೆಯೇನೋ ಪಾಪ ಅಂತ! ಒಬ್ಬಳು ನೀರಿನ ಬಾಟಲಿ ಕೊಟ್ಟಳು, ಇನ್ನೊಬ್ಬಳು ಸೆರಗಿನಿಂದ ಗಾಳಿ ಹಾಕಿದಳು. ಅತ್ಯಾ ಏನೂ ಬಿಡಿಸಿ ಹೇಳದೆ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ನೀರು ಕುಡಿದು, ನನ್ನ ಕಡೆ ಹುಬ್ಬು ಹಾರಿಸಿದಳು. ಕಾಂದಿವಲಿಯಲ್ಲಿ ಇಳಿದ ಮೇಲೆ ಹೇಳಿದಳು:

“ನೋಡವಾ, ನಿನ್ನ ಇಂಗ್ಲಿಷಿಗೆ ಇಷ್ಟು ವರ್ಷದಾಗ ಒಮ್ಮೆರ ಸೀಟ್ ಸಿಕ್ಕೈತೇನು?”

ಸಿಕ್ಕಿಲ್ಲ. ಇವತ್ತಿಗೂ ಸಿಕ್ಕಿಲ್ಲ!

ನನ್ನ ತಮ್ಮನ ನಿಶ್ಚಿತಾರ್ಥದ ಫೋಟೋ ಬಗ್ಗೆ ಹೇಳಬಾರದು ಅಂದುಕೊಂಡಿದ್ದೆ. ಆದರೆ ಬೀಗರೇ ಅದನ್ನು ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ ಮೇಲೆ ಮುಚ್ಚಿಡುವುದೇನಿದೆ? ಎರಡೂ ಕಡೆಯ ಮೂವತ್ತು ಜನ ಸಾಲಾಗಿ ನಿಂತಿದ್ದೆವು. ಫೋಟೋಗ್ರಾಫರ್, “ರೆಡಿ! ಒನ್, ಟೂ, ತ್ರೀ” ಎಂದ. ಅವನ ‘ತ್ರೀ’ ಅತ್ಯಾಳಿಗೆ ಸರಿಬರಲಿಲ್ಲ. ಆ ಅಕ್ಷರಕ್ಕೆ ನಾಲಿಗೆ ಹಲ್ಲುಗಳ ನಡುವೆ ಬಂದು ಹೊರಗೆ ಕಾಣಬೇಕು. ತಿದ್ದದೆ ಬಿಡಲು ಮನಸ್ಸು ಬಾರದೆ ಆಕೆ ಅಲ್ಲೇ ಸರಿಯಾಗಿ ಹೇಳಿ ತೋರಿಸಿದಳು, ಅವನೂ ಅದೇ ಕ್ಷಣಕ್ಕೆ ಗುಂಡಿ ಒತ್ತಿದ. ಇಪ್ಪತ್ತೊಂಬತ್ತು ಜನ ನಗುತ್ತಿದ್ದಾರೆ, ಪೈಠಣಿ ಸೀರೆ ಉಟ್ಟ ನಮ್ಮ ಅತ್ಯಾ ಮಾತ್ರ ಬೀಗರ ಪಕ್ಕದಲ್ಲೇ ನಿಂತು ನಾಲಿಗೆ ಚಾಚಿದ್ದಾಳೆ! ಬೀಗಿತ್ತಿ ಆಮೇಲೆ ನನ್ನ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರಂತೆ: “ನಮ್ಮಿಂದ ಏನರ ತಪ್ಪಾತೇನ್ರಿ?”

ಆ ದಿನ ನನಗೆ ನಾಚಿಕೆಯಾಗಿ, ಸಿಟ್ಟೂ ಬಂತು. ಊಟದ ಪಂಕ್ತಿಯಲ್ಲಿ ಎಲ್ಲರೆದುರೇ ಕೇಳಿದೆ: “ಅಲ್ಲ ಅತ್ಯಾ, ಇಷ್ಟೆಲ್ಲಾ ಕಲತು ಯಾವ ದೇಶಕ್ಕ ಹೊಂಟಿ ನೀ?”

“ಎರಡನೇ ಮಾಳಿಗಿಗೆ,” ಎಂದಳು ಅತ್ಯಾ, ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಅಲ್ಲಿಗೂ ಬಿಡಲಿಲ್ಲ. “ಮಂದಿಯೊಳಗ ಮಾತಾಡಬ್ಯಾಡ ಅತ್ಯಾ, ನಗತಾರ” ಎಂದೆ. ಆಕೆ ಎಲೆಯಿಂದ ಕಣ್ಣೆತ್ತದೆ, “ನಗಲಿ ಬಿಡವಾ,” ಎಂದು ಮತ್ತೆ ಊಟಕ್ಕೆ ತೊಡಗಿದಳು.

ಇದಾಗಿ ಒಂದು ತಿಂಗಳಿಗೆ, ಶನಿವಾರ ಸಂಜೆ, ಅತ್ಯಾಳ ಫೋನ್ ಬಂತು. ಈ ಸಲ ಬನಿಯನ್ನಿನ ಪ್ರಶ್ನೆ ಇರಲಿಲ್ಲ. ದನಿ ಕುಗ್ಗಿತ್ತು.

“ನಾಳೆ ಬರತೀಯೇನವಾ? ಮಿಸ್‌ನ ಅಣ್ಣನ ಮಗ ವಸಈಯಿಂದ ಬರಾಕತ್ತಾನ. ಆಕಿನ್ನ ಕರಕೊಂಡು ಹೋಗತಾನಂತ. ಈ ಮನಿ ಬಂದ್ ಮಾಡತಾನಂತ. ನನ್ನ ಹಿಂದಿಗೆ, ಮುರುಕು ಇಂಗ್ಲಿಷಿಗೆ ಅವ ಕಿಮ್ಮತ್ತು ಕೊಡತಾನೋ ಇಲ್ಲೋ. ನೀ ಛಲೋ ಮಾತಾಡತಿ. ನೀ ಬಂದು ಹೇಳು, ಆಕಿನ್ನ ಇಲ್ಲೇ ಬಿಡು ಅಂತ.”

ಆ ಸೊಕ್ಕಿನ ಮಿಸ್‌ಗಾಗಿ ನಾನೇಕೆ ರವಿವಾರ ಹಾಳು ಮಾಡಿಕೊಳ್ಳಬೇಕು? ಆದರೂ ‘ನೀ ಛಲೋ ಮಾತಾಡತಿ’ ಎಂದರೆ ಯಾರಿಗೆ ಹಿತವಾಗುವುದಿಲ್ಲ! ಹೋದೆ.

ಮೆಟ್ಟಿಲಲ್ಲೇ ಕಾಯುತ್ತಿದ್ದ ಅತ್ಯಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಒಳಗ ಹೋಗೂಕಿಂತ ಮೊದಲ ಒಂದು ಮಾತು. ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ಹೇಳದ ನಡಿಯಂಗಿಲ್ಲ. ಮಿಸ್‌ಗೆ ಕಿವಿ ಕೇಳಂಗಿಲ್ಲವಾ. ನಾವು ಇಲ್ಲಿ ಬರೂಕಿಂತ ಮೊದಲ ಪೂರಾ ಹೋಗ್ಯಾವ. ಮಶೀನೂ ಉಪಯೋಗ ಇಲ್ಲ.”

ಹಾಗಾದರೆ ಗುಡ್ ಮಾರ್ನಿಂಗು? ಬೆಲ್ಲು? ಸೊಕ್ಕು?

“ಮತ್ತ ನಿನಗ ಹೆಂಗ ಕಲಸಿದ್ರು? ನಿನ್ನ ಉಚ್ಚಾರ ತಪ್ಪಂತ ಅವರಿಗೆ ಹೆಂಗ ಗೊತ್ತಾಗತಿತ್ತು?”

“ಬಾಯಿ ನೋಡಿ. ಆಕಿ ತುಟಿ ನೋಡೇ ಮಾತು ಓದತಾಳ. ಮೊದಲನೇ ಸಲ, ಬಾಗಿಲಾ ತೆರದಿತ್ತಂತ, ಶೇಂಗಾ ಹೋಳಿಗಿ ಕೊಡಾಕ ಹೋದಾಗ ನನಗ ಬರೂವಷ್ಟು ಇಂಗ್ಲಿಷ್‌ದಾಗ ಏನೇನೋ ಮಾತಾಡಿದೆ. ಆಕಿಗೆ ಒಂದು ಅಕ್ಷರ ತಿಳಿಲಿಲ್ಲ. ನಮ್ಮ ‘ವ’ಕ್ಕ ಹಲ್ಲೂ ತಾಗಂಗಿಲ್ಲ, ತುಟಿನೂ ಗುಂಡಗ ಆಗಂಗಿಲ್ಲ. ಆಕಿ ಏನಂತ ಓದಬೇಕು? ಅಳಾಕ ಬಂದಂಗ ಮಾಡಿದ್ಲು. ಹಿಂದಿ, ಮರಾಠಿ ತುಟಿ ಆಕಿಗೆ ಓದಾಕ ಬರಂಗಿಲ್ಲ. ಅದಕ್ಕ ನಾನ ಕೇಳಿದೆ, ನನ್ನ ಬಾಯಿ ಸರಿ ಮಾಡು ಅಂತ.”

“ಬರದು ತೋರಿಸಬಹುದಿತ್ತಲ್ಲ ಅತ್ಯಾ?”

“ಬರದು ತೋರಿಸಿದ್ರ ಅದು ಮಾತಲ್ಲ, ನೋಟೀಸು ಅಂತಾಳ ಆಕಿ.”

ಮೆಟ್ಟಿಲ ಮೇಲೆ ನಿಂತು ಅಳಲು ವೇಳೆಯಿರಲಿಲ್ಲ, ಅಣ್ಣನ ಮಗ ಆಗಲೇ ಒಳಗೆ ಕೂತಿದ್ದ.

ಸಭ್ಯ ಮನುಷ್ಯ. ಐವತ್ತರ ಹತ್ತಿರ ವಯಸ್ಸು. ಮೇಲ್ತುಟಿ ಪೂರಾ ಮುಚ್ಚುವಂಥ ದಟ್ಟ ಮೀಸೆ. ಅವನಿಗೆ ತನ್ನ ಅತ್ತೆಯಾದ ಮಿಸ್ ಮೇಲೆ ಪ್ರೀತಿಯಿತ್ತು, ಅದರಲ್ಲಿ ಅನುಮಾನವಿಲ್ಲ. ದಾರಿಯಲ್ಲಿ ಕೊಂಡ ಬಾಳೆಹಣ್ಣು, ಕೇಕು, ಹೊಸ ಚಪ್ಪಲಿ ಎಲ್ಲ ಮೇಜಿನ ಮೇಲಿದ್ದವು. ಅವನ ದುಃಖ ಬೇರೆ. ತಲೆ ಬಗ್ಗಿಸಿಕೊಂಡು, ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ನನಗೆ ಹೇಳಿದ: “ಕಿವಿ ಹೋದದ್ದು ನನಗೆ ಗೊತ್ತು. ಈಗ ಬುದ್ಧಿಯೂ ಕೈಕೊಡುತ್ತಿದೆ. ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಾರೆ. ಒಬ್ಬರನ್ನೇ ಹೇಗೆ ಬಿಡಲಿ? ನೀವೇ ನೋಡಿ.”

ಅತ್ತೆಯ ಕಡೆ ತಿರುಗಿ ಬ್ಯಾಗ್ ಪ್ಯಾಕ್ ಮಾಡಲು ಹೇಳಿದ. ಮಿಸ್ ಅವನ ಮೀಸೆಯನ್ನೇ ದಿಟ್ಟಿಸಿ ನೋಡಿ, ನಗುತ್ತಾ, “ನನ್ನ ಬೆನ್ನಿಗೇನಾಗಿದೆ? ಚೆನ್ನಾಗಿದೆ, ಥ್ಯಾಂಕ್ ಯೂ,” ಎಂದರು.

ಅವನು ನನ್ನ ಕಡೆ ನೋಡಿದ. ನೋಡಿದಿರಾ, ಎನ್ನುವಂತೆ.

ತುಟಿಯ ಮೇಲೆ ‘ಪ’ ಮತ್ತು ‘ಬ’ ಎರಡೂ ಒಂದೇ. ‘ಪ್ಯಾಕ್’ ಅಂದದ್ದು ಅವರ ಕಣ್ಣಿಗೆ ‘ಬ್ಯಾಕ್’ ಆಗಿತ್ತು! ಬುದ್ಧಿಗೇನೂ ಆಗಿಲ್ಲ ಎಂದು ನನಗೆ ಹೊಳೆಯಿತು. ಸರಿ, ನನ್ನ ಇಂಗ್ಲಿಷನ್ನು ಹೊರತೆಗೆದೆ. ಮಿಸ್‌ನ ಎದುರು ಕೂತು, ಆಫೀಸಿನ ನುಣುಪಾದ ಉಚ್ಚಾರದಲ್ಲಿ, ‘ನಿಮಗೆ ಇಲ್ಲಿಂದ ಹೋಗಲು ಇಷ್ಟವಿದೆಯೆ’ ಎಂದು ಕೇಳಿದೆ. ಫೋನಿನಲ್ಲಿ ಮಾತಾಡುವವಳ ತುಟಿ ಎಷ್ಟು ಅಲುಗಾಡುತ್ತದೆ ಹೇಳಿ? ಅವರು ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ, ನನ್ನ ಬಾಯನ್ನು ಹುಡುಕಿದರು. ಆಮೇಲೆ ವಿನಯದಿಂದ, “ಹೌದು, ನಾಷ್ಟಾ ಆಗಿದೆ,” ಎಂದರು.

ಅತ್ಯಾ ಅಡುಗೆಮನೆಯಿಂದ ಚಹಾ ತಂದಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಕುರ್ಚಿಯನ್ನು ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ತಿರುಗಿಸಿ ಕೂತಳು. ಮೇಜಿನ ಮೇಲೆ ಎರಡು ಸಲ ತಟ್ಟಿದಳು. ಮಿಸ್‌ನ ಮುಖ ಆಕೆಯ ಕಡೆ ತಿರುಗಿತು.

“ಯೂ. ಪ್ಯಾಕ್. ಬ್ಯಾಗ್.” ‘ಪ’ಕ್ಕೆ ಅಂಗೈಯನ್ನು ತುಟಿ ಮರೆಯಾಗದಂತೆ ಬಾಯ ಮುಂದೆ ಹಿಡಿದಳು, ‘ಬ’ಕ್ಕೆ ಬೆರಳನ್ನು ಗಂಟಲಿಗೆ ಒಯ್ದಳು. “ವಸಈ ಗೋ. ಹಿಜ್ ಹೌಸ್. ಯೂ ವಾಂಟ್?”

ವ್ಯಾಕರಣ ಎಂಬುದು ಆ ಮಾತಿನಲ್ಲಿ ಹುಡುಕಿದರೂ ಇರಲಿಲ್ಲ. ಆದರೆ ಆಕೆಯ ತುಟಿ, ಹಲ್ಲು, ನಾಲಿಗೆ ಒಂದೊಂದೂ ತನ್ನ ಜಾಗಕ್ಕೆ ಹೋಗಿ, ನಿಂತು, ತೋರಿಸಿಕೊಂಡು ಬಂತು. ನಿಶ್ಚಿತಾರ್ಥದಲ್ಲಿ ಯಾವುದಕ್ಕೆ ನಾನು ತಲೆ ತಗ್ಗಿಸಿದ್ದೆನೋ ಅದೇ! ಮಿಸ್ ಒಂದು ಕ್ಷಣವೂ ತಡೆಯಲಿಲ್ಲ.

“ಬೇಡ,” ಎಂದರು ಇಂಗ್ಲಿಷಿನಲ್ಲಿ. ಅಣ್ಣನ ಮಗನ ಕಡೆ ತಿರುಗಿ, “ನೀನು ಒಳ್ಳೆಯವನು. ಆದರೆ ನನಗೆ ಹುಚ್ಚು ಹಿಡಿದಿಲ್ಲ, ಕೇಳುವುದಿಲ್ಲ ಅಷ್ಟೆ. ನಿಮ್ಮ ಮನೆಯಲ್ಲಿ ಏಳು ಜನ ಮಾತಾಡುತ್ತೀರಿ, ನನಗೆ ಏಳು ಜನರ ಬಾಯಿ ಅಲ್ಲಾಡುವುದು ಕಾಣುತ್ತದೆ. ಇಲ್ಲಿ ಒಬ್ಬಳಿದ್ದಾಳೆ. ಆದರೆ ಆ ಒಬ್ಬಳ ಜೊತೆ ನಾನು ಮಾತಾಡುತ್ತೇನೆ,” ಎಂದರು.

ಅವನು ತನ್ನ ಕುರ್ಚಿಯನ್ನು ಅತ್ಯಾಳ ಪಕ್ಕಕ್ಕೆ ಎಳೆದುಕೊಂಡ. ತಾನು ಅತ್ತೆಗೆ ಕೇಳಬೇಕಾದದ್ದನ್ನೆಲ್ಲ ಅತ್ಯಾಳಿಗೆ ಹಿಂದಿಯಲ್ಲಿ ಹೇಳಿದ, ಅತ್ಯಾ ಅದನ್ನು ತನ್ನ ಇಂಗ್ಲಿಷಿನಲ್ಲಿ ಮಿಸ್‌ಗೆ ತೋರಿಸಿದಳು. ಮೊಣಕಾಲು ನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೆ, ತನ್ನ ಮಗಳ ಮದುವೆಗೆ ಯಾಕೆ ಬರಲಿಲ್ಲ, ಸಿಟ್ಟೇ? ಸಿಟ್ಟಲ್ಲ, ಅಷ್ಟು ಜನರ ನಡುವೆ ಪೆದ್ದಿಯಂತೆ ನಗುತ್ತಾ ಕೂರಬೇಕಾಗುತ್ತದೆಂದು ಹೆದರಿಕೆ, ಎಂದರು ಮಿಸ್. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಚಹಾ ಆರಿ ಕೆನೆಗಟ್ಟಿತು.

ಹೊರಡುವಾಗ ಅವನು ಅತ್ಯಾಳಿಗೆ ಕೈಮುಗಿದು, ತನಗೂ ಇದನ್ನು ಕಲಿಸುತ್ತೀರಾ ಎಂದು ಕೇಳಿದ. ಅತ್ಯಾ ನನ್ನ ಕಡೆ ತಿರುಗಿ, “ಮೊದಲ ಆ ಮೀಸಿ ತೆಗಸು ಅಂತ ಹೇಳವಾ ಅವಗ,” ಎಂದಳು. ನಾನು ನಾಜೂಕಾಗಿ ಅನುವಾದಿಸಿದೆ. ಅವನು ಜೋರಾಗಿ ನಕ್ಕ. ಮುಂದಿನ ತಿಂಗಳು ಬಂದಾಗ ಮೀಸೆ ಇರಲಿಲ್ಲ. ವಸಈಯ ಮಾತೂ ಮತ್ತೆ ಬರಲಿಲ್ಲ. ಬಂದಾಗಲೆಲ್ಲ ಬೆಳಕಿಗೆ ಮುಖ ಕೊಟ್ಟು ಕೂತು ಅತ್ತೆಯ ಜೊತೆ ಹರಟುತ್ತಾನಂತೆ. ಅತ್ಯಾಳ ಪ್ರಕಾರ ಅವನ ‘ವ’ ಇನ್ನೂ ಸುಧಾರಿಸಬೇಕು.

ಆದರೆ ಆ ರವಿವಾರ ಅವನು ಮೆಟ್ಟಿಲಿಳಿದು ಹೋದ ಮೇಲೆ ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಅತ್ಯಾ ಕಪ್ಪು ಬಸಿಗಳನ್ನು ಎತ್ತಿಕೊಂಡು ಒಳಗೆ ಹೋಗಲು ಎದ್ದಳು. ಮಿಸ್ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನಿನ್ನನ್ನು ಒಂದು ಕೇಳಬೇಕಿತ್ತು,” ಎಂದರು. “ಇವಳು ಈ ಬಿಲ್ಡಿಂಗಿಗೆ ಬರುವ ಹೊತ್ತಿಗೆ ನನಗೆ ಎಲ್ಲವೂ ನಿಂತುಹೋಗಿತ್ತು. ಇವಳ ಗಂಟಲ ಮೇಲೆ ಬೆರಳಿಟ್ಟು ಕಲಿಸಿದ್ದೇನೆ, ಅದು ಹೇಗೆ ಅದುರುತ್ತದೆ ಎಂದು ಗೊತ್ತು. ಆದರೆ ಒಂದು ದಿನವೂ ಕೇಳಿಲ್ಲ. ಇವಳ ದನಿ ಹೇಗಿದೆ?”

ಅತ್ಯಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಿಜ ಹೇಳಬೇಕೆಂದರೆ, ಅತ್ಯಾಳ ದನಿ ಎಂದರೆ ತಗಡಿನ ಮೇಲೆ ಕಡಲೆ ಸುರಿದ ಸದ್ದು. ಆಕೆ ಮೂರನೇ ಮಾಳಿಗೆಯಿಂದ ಮಾಮಾನನ್ನು ಕೂಗಿದರೆ ಕೆಳಗಿನ ವಾಚ್‌ಮನ್ ಎದ್ದು ನಿಲ್ಲುತ್ತಾನೆ!

“ಒಡಕು ಗಡಿಗಿ ಇದ್ದಂಗ ಐತಿ ಅಂತ ಹೇಳು,” ಎಂದು ಅತ್ಯಾ ನಾಚಿ, ಕಪ್ಪುಗಳನ್ನು ಹಿಡಿದುಕೊಂಡೇ ಮುಖ ತಿರುಗಿಸಿದಳು.

ಈ ಒಂದು ಉತ್ತರವನ್ನು ಆಕೆಯ ಬಾಯಿಂದ ಹೇಳಿಸುವಂತಿರಲಿಲ್ಲ. ನಾನು ಎದ್ದು ಕಿಟಕಿಯ ಬೆಳಕಿಗೆ ಬಂದು ಮಿಸ್‌ನ ಮುಂದೆ ನೆಲದ ಮೇಲೆ ಕೂತೆ. ನಾಲಿಗೆಯನ್ನು ಮೇಲಕ್ಕೆತ್ತಿ ಹಲ್ಲಿನ ಹಿಂದೆ ಇಟ್ಟೆ. ಕೆಳತುಟಿಯನ್ನು ಮೆಲ್ಲಗೆ ಕಚ್ಚಿದೆ. ಗಂಟಲಿಗೆ ಬೆರಳಿಟ್ಟೆ. ಜನ್ಮದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಶಬ್ದವನ್ನು ಅಷ್ಟು ನಿಧಾನವಾಗಿ ಹೇಳಿದೆ: “ಲವ್ಲೀ.”

ಮಿಸ್ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ತಲೆಯಾಡಿಸಿದರು.

“ನಾನೂ ಹಾಗೇ ಅಂದುಕೊಂಡಿದ್ದೆ,” ಎಂದರು.